ನಿಂಬೆ ಹಳದಿ ಹಲ್ಲಿ

ಕೇಳುಗರೆಲ್ಲರಿಗೂ ನಮಸ್ಕಾರ.

ಹಲ್ಲಿಯನ್ನು ಯಾರಾದರೂ ಸಾಕುತ್ತಾರಾ ಅಂತ ಮೂಗು ಮುರಿಯಬೇಡಿ. ಅಮೆರಿಕ, ಯುರೋಪಿನ ಎಷ್ಟೋ ಮನೆಗಳಲ್ಲಿ ಲೆಪರ್ಡ್ ಗೆಕ್ಕೊ ಅನ್ನುವ ಹಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಹಾಯಾಗಿದೆ. ಇದರ ತವರು ಅಫ್ಘಾನಿಸ್ತಾನ, ಪಾಕಿಸ್ತಾನ ಮತ್ತು ವಾಯವ್ಯ ಭಾರತದ ಒಣ ಕಲ್ಲುನೆಲ. ನಮ್ಮ ಮನೆಯ ಹಲ್ಲಿಯಂತೆ ಗೋಡೆ ಹತ್ತುವುದು ಇದಕ್ಕೆ ಬಾರದು. ಆದರೆ ಕಣ್ಣಿಗೆ ರೆಪ್ಪೆ ಇದೆ. ನಿದ್ದೆ ಬಂದರೆ ಮುಚ್ಚಿಕೊಳ್ಳುತ್ತದೆ!

ಸಾಕಿದವರಿಗೆ ಮೊದಲು ಗಾಬರಿ ಹುಟ್ಟಿಸುವುದು ಇದರ ಬಣ್ಣ. ಮರಿಯಾಗಿದ್ದಾಗ ಮೈಮೇಲೆ ದಪ್ಪ ಕಪ್ಪು ಪಟ್ಟೆ. ಬೆಳೆಯುತ್ತಾ ಪಟ್ಟೆ ಒಡೆದು ಚುಕ್ಕಿಯಾಗುತ್ತದೆ. ಇನ್ನೊಂದು ದಿನ ನೋಡಿದರೆ ಇಡೀ ಮೈ ಬೂದಿ ಬಳಿದ ಹಾಗೆ ಮಂಕಾಗಿರುತ್ತದೆ. ಕಾಯಿಲೆ ಅಲ್ಲ, ಪೊರೆ ಬಿಡುವ ಹೊತ್ತು. ಬಾಯಿಂದ ಕಚ್ಚಿ ಎಳೆದು ಪೊರೆ ಕಳಚಿ, ಅದನ್ನೇ ತಿಂದೂ ಬಿಡುತ್ತದೆ. ಬೆರಳ ತುದಿಯಲ್ಲಿ ಮಾತ್ರ ಚೂರು ಪೊರೆ ಉಳಿಯದಂತೆ ನೋಡಿಕೊಳ್ಳಬೇಕು. ಅದು ಒಣಗಿ ಬಿಗಿದರೆ ರಕ್ತ ಹರಿಯದೆ ಬೆರಳೇ ಉದುರಬಹುದು. ಮೊಟ್ಟೆಯನ್ನು ಎಷ್ಟು ಬಿಸಿಯಲ್ಲಿಟ್ಟರು ಅನ್ನುವುದೂ ಬಣ್ಣವನ್ನು ಬದಲಿಸುತ್ತದೆ. ತಂಪಿನಲ್ಲಿಟ್ಟ ಮೊಟ್ಟೆಯ ಮರಿ ತುಸು ಕಪ್ಪು.

ಇವೆಲ್ಲ ಸಹಜ. ಸಹಜವಲ್ಲದ ಒಂದು ಬಣ್ಣವೂ ಇದೆ. ಹೆಸರು ಲೆಮನ್ ಫ್ರಾಸ್ಟ್. ಅಮೆರಿಕದಲ್ಲಿ ಹಲ್ಲಿ ಸಾಕಿ ಮಾರುವವರ ಬಳಿ ತಾನಾಗಿ ಹುಟ್ಟಿಕೊಂಡ ತಳಿ ಇದು. ಹೊಳೆಯುವ ನಿಂಬೆ ಹಳದಿ, ಅದರಡಿ ಹಾಲಿನಂಥ ಬಿಳುಪು. ಜನ ಮುಗಿಬಿದ್ದು ಕೊಂಡರು. ಆಮೇಲೆ ಹೊಟ್ಟೆಯ ಚರ್ಮದಲ್ಲಿ ದಪ್ಪ ಬಿಳಿ ಮಚ್ಚೆಗಳು ಕಾಣಿಸಿಕೊಂಡವು. ಅವು ಗೆಡ್ಡೆಗಳು.

ಕಾರಣ ತಿಳಿದಿದ್ದು 2021ರಲ್ಲಿ. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಲಿಯೊನಿಡ್ ಕ್ರುಗ್ಲ್ಯಾಕ್, ಲಾಂಗ್‌ಹುವಾ ಗುವೊ ಮತ್ತು ಸಂಗಡಿಗರು ಈ ಹಲ್ಲಿಗಳ ಡಿಎನ್‌ಎ ಪರೀಕ್ಷಿಸಿದರು. ಹಲ್ಲಿಯ ಚರ್ಮದಲ್ಲಿ ಕಪ್ಪಿಗೊಂದು, ಹಳದಿಗೊಂದು, ಬಿಳಿಗೊಂದು ಬಗೆಯ ಜೀವಕೋಶಗಳಿರುತ್ತವೆ. ಬಿಳಿಯವು ಸಣ್ಣ ಹರಳುಗಳಿಂದ ಬೆಳಕನ್ನು ಹಿಂದಕ್ಕೆ ಎಸೆಯುತ್ತವೆ. ಲೆಮನ್ ಫ್ರಾಸ್ಟ್‌ನಲ್ಲಿ ಈ ಬಿಳಿ ಕೋಶಗಳು ಮಿತಿ ಮೀರಿ ಬೆಳೆಯುತ್ತವೆ. ಮೈಗೆ ಹೊಳಪು ಬರುವುದೂ ಅದರಿಂದಲೇ, ಗೆಡ್ಡೆ ಬರುವುದೂ ಅದರಿಂದಲೇ. ಎಲ್ಲದರ ಬೇರು ಸ್ಪಿಂಟ್1 ಎಂಬ ಜೀನ್‌ನ ಆಸುಪಾಸಿನಲ್ಲಿದೆ ಅಂತ ಗೊತ್ತಾಯಿತು. ಇದೇ ಜೀನ್ ಮನುಷ್ಯರಲ್ಲೂ ಇದೆ. ಗೆಡ್ಡೆ ಬೆಳೆಯದಂತೆ ತಡೆಯುವ ಜೀನ್ ಅದು. ಹಾಗಾಗಿ ನಮ್ಮ ಚರ್ಮದ ಕ್ಯಾನ್ಸರ್ ಅರಿಯಲು ಈ ಹಲ್ಲಿ ನೆರವಾಗಬಹುದು ಅನ್ನುವ ಆಸೆ ವಿಜ್ಞಾನಿಗಳದು.

ಈ ತಳಿಯ ಹಲ್ಲಿಗಳಲ್ಲಿ ನೂರಕ್ಕೆ 80ಕ್ಕೂ ಹೆಚ್ಚಿನವಕ್ಕೆ ಆರು ತಿಂಗಳಿಂದ ಐದು ವರ್ಷದೊಳಗೆ ಗೆಡ್ಡೆ ಬರುತ್ತದೆ. ಅಪ್ಪ, ಅಮ್ಮ ಇಬ್ಬರಿಂದಲೂ ಆ ಗುಣ ಪಡೆದ ಮರಿಯ ಪಾಡು ಇನ್ನೂ ಕಷ್ಟ. ಚರ್ಮ ದಪ್ಪವಾಗಿ, ಕಣ್ಣು ಮುಂದಕ್ಕೆ ಬಂದಂತೆ ಕಾಣುತ್ತದೆ. ಬೇರೆ ಬಣ್ಣದ ಜೋಡಿ ಹಾಕಿದರೆ ಸರಿಹೋದೀತು ಅನ್ನುವವರೂ ಇದ್ದಾರೆ. ಬಣ್ಣವನ್ನು ಇಟ್ಟುಕೊಂಡು ಗೆಡ್ಡೆಯನ್ನು ಮಾತ್ರ ಬಿಡುವುದು ಹೇಗೆ ಅಲ್ವಾ? ಎರಡೂ ಜೊತೆಯಲ್ಲೇ ಬರುತ್ತವಲ್ಲ.

ಈಗಾಗಲೇ ಲೆಮನ್ ಫ್ರಾಸ್ಟ್ ಸಾಕಿರುವವರು ವಾರಕ್ಕೊಮ್ಮೆಯಾದರೂ ಅದರ ಹೊಟ್ಟೆಯ ಕಡೆ ಕಣ್ಣು ಹಾಯಿಸಿ. ಬಿಳಿ ಮಚ್ಚೆ ದಪ್ಪವಾಗಿ ಕಂಡರೆ ಸುಮ್ನೆ ಕೂರಬೇಡಿ. ಹಾವು, ಹಲ್ಲಿಗಳ ಆರೈಕೆ ಬಲ್ಲ ಪಶುವೈದ್ಯರಿಗೆ ತೋರಿಸಿ. ಅದರಿಂದ ಮರಿ ಮಾಡಿಸುವುದಂತೂ ಬೇಡವೇ ಬೇಡ.

ನಮಸ್ಕಾರ.