ಬಾಯಿ ಒಂದೇ, ಕವಲು ಬೇರೆ

ಹಿರಿಯರಿಗೆ ನಮಸ್ಕಾರ. ಮಕ್ಕಳೇ, ನನ್ನನ್ನು ಪರಿಚಯ ಮಾಡಿಕೊಟ್ಟ ಮಾಷ್ಟ್ರು ‘ಬಹುಮುಖ ಪ್ರತಿಭೆ’ ಅಂದರು. ಹತ್ತನೇ ಕ್ಲಾಸಿನವರೆಗೆ ಅದು ಹೊಗಳಿಕೆ. ಡಿಗ್ರಿ ಮುಗಿಸಿ ಎರಡು ವರ್ಷ ಮನೆಯಲ್ಲಿ ಕೂತರೆ ಅದೇ ಮಾತು ಬೈಗುಳ. ನನಗೆ ಎರಡೂ ಸಿಕ್ಕಿದೆ. ಮದ್ದಳೆ ಬಾರಿಸುತ್ತಿದ್ದೆ, ಅಂಗಡಿಗಳಿಗೆ ಬೋರ್ಡ್ ಬರೆಯುತ್ತಿದ್ದೆ, ನೆರೆಮನೆಯ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಿದ್ದೆ. ನನ್ನ ಸೋದರಮಾವ ಉಂಡು ಎದ್ದಾಗಲೆಲ್ಲ ಕೇಳುತ್ತಿದ್ದರು: “ಹತ್ತು ಕಡೆ ಒಂದೊಂದು ಅಡಿ ತೋಡಿದರೆ ನೀರು ಸಿಗುತ್ತದಾ ಮಾರಾಯ?”

ಉತ್ತರ ಇರಲಿಲ್ಲ. ಅದೇ ಬೇಸಗೆ ನಮ್ಮ ತೋಟದ ಸುರಂಗ ಬತ್ತಿತು.

ಸುರಂಗ ಅಂದರೆ ಏನು ಅಂತ ಕಾಸರಗೋಡಿನ ಈ ಊರಿನವರಿಗೆ ಹೇಳಬೇಕಾಗಿಲ್ಲ. ಆದರೂ ಒಳಗೆ ಹೋಗಿ ನೋಡಿದವರು ನಿಮ್ಮಲ್ಲಿ ಎಷ್ಟು ಮಂದಿ? ನೀರಿಗಾಗಿ ಗುಡ್ಡದ ಮುರಕಲ್ಲನ್ನು (ಜಂಬಿಟ್ಟಿಗೆಯನ್ನು) ಅಡ್ಡಕ್ಕೆ ಕೊರೆದ ದಾರಿ. ಒಬ್ಬ ಆಳು ನುಸುಳುವಷ್ಟು ಅಗಲ, ತಲೆ ತಾಗದಷ್ಟು ಎತ್ತರ. ತೋಡಲು ಬಂದವರು ಐವತ್ತು ದಾಟಿದವರು. ಒಂದು ಮೇಣದ ಬತ್ತಿ ಹಚ್ಚಿ ಒಳಗಿಟ್ಟುಕೊಂಡರು. ಬತ್ತಿ ಮಂಕಾದರೆ ಒಳಗೆ ಗಾಳಿ ಕಮ್ಮಿ, ಹೊರಗೆ ಬರಬೇಕು. ಅವರು ಕೂತು ಪಿಕಾಸಿಯಲ್ಲಿ ಅಗೆಯುವುದು, ನಾನು ಬುಟ್ಟಿಯಲ್ಲಿ ಮಣ್ಣು ಎಳೆದು ಹೊರಗೆ ಹಾಕುವುದು. ಮೂರನೇ ದಿನ ಎದುರಿಗೆ ಗಟ್ಟಿ ಕಲ್ಲು ಬಂತು, ಒಣ ಕಲ್ಲು. ಅವರು ಪಿಕಾಸಿ ಕೆಳಗಿಟ್ಟು, ಗೋಡೆಗೆ ಅಂಗೈ ಒತ್ತಿಕೊಳ್ಳುತ್ತ ಹಿಂದೆ ಹಿಂದೆ ಬಂದರು. ಎಡಗಡೆ ಒಂದು ಜಾಗದಲ್ಲಿ ಕೈ ನಿಂತಿತು. ಅಲ್ಲಿ ಪಸೆ ಇತ್ತು. ಅಲ್ಲಿಂದಲೇ ಎಡಕ್ಕೆ ತೋಡಲು ಶುರು ಮಾಡಿದರು. “ಇದು ಇನ್ನೊಂದು ಸುರಂಗವಾ ಅಣ್ಣ?” ಅಂತ ಕೇಳಿದೆ. “ಅಲ್ಲಪ್ಪ, ಬಾಯಿ ಒಂದೇ, ಕವಲು ಬೇರೆ” ಅಂದರು.

ಆಗ ನನಗೆ ಏನೂ ಹೊಳೆಯಲಿಲ್ಲ, ಸುಳ್ಳು ಯಾಕೆ ಹೇಳಲಿ. ಬೆನ್ನು ನೋಯುತ್ತಿತ್ತು, ಅಷ್ಟೆ.

ಮಳೆಗಾಲದಲ್ಲಿ, ಅಕ್ಷರ ಚೆನ್ನಾಗಿದೆ ಅನ್ನುವ ಒಂದೇ ಕಾರಣಕ್ಕೆ, ದಸ್ತಾವೇಜು ಬರೆಯುವ ಒಬ್ಬ ಹಿರಿಯರು ನನ್ನನ್ನು ಕೈಕೆಳಗೆ ಸೇರಿಸಿಕೊಂಡರು. 1956ರ ನವೆಂಬರ್ 1ರವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು, ಅಲ್ಲಿಂದ ಈಚೆಗೆ ಕೇರಳ. ಹಾಗಾಗಿ ಹಳೆ ಪೆಟ್ಟಿಗೆಯಿಂದ ಬರುವ ಕಾಗದ ಕನ್ನಡದ್ದು, ಹೊಸತಾಗಿ ಬರೆಯಬೇಕಾದ್ದು ಮಲಯಾಳದಲ್ಲಿ, ಕಾಗದ ತಂದವರು ಮಾತಾಡುವುದು ತುಳುವಿನಲ್ಲೋ ಕೊಂಕಣಿಯಲ್ಲೋ ಬ್ಯಾರಿಯಲ್ಲೋ. ಮೂಲಗೇಣಿ (ಶಾಶ್ವತ ಗೇಣಿ), ಚಾಲಗೇಣಿ (ವರ್ಷವರ್ಷದ ಗೇಣಿ), ವರ್ಗ (ಕಂದಾಯ ಕಟ್ಟುವ ಸ್ವಂತ ಹಿಡುವಳಿ), ಕುಮ್ಕಿ ಈ ಒಂದೊಂದು ಶಬ್ದದ ಹಿಂದೆ ಒಂದೊಂದು ಹಕ್ಕು. ಕುಮ್ಕಿ ಅಂದರೆ ವರ್ಗ ಜಮೀನಿನ ಅಂಚಿನಿಂದ 100 ಗಜದೊಳಗಿನ ಸರ್ಕಾರಿ ಜಾಗ. ಅಲ್ಲಿಂದ ಸೊಪ್ಪು, ಸೌದೆ ತರಬಹುದು, ಆದರೆ ಜಾಗ ನಿನ್ನದಲ್ಲ. ಇದನ್ನು ತಪ್ಪು ಓದಿದರೆ ಅಣ್ಣತಮ್ಮಂದಿರು ಕೋರ್ಟಿಗೆ ಹೋಗುತ್ತಾರೆ.

ಅಲ್ಲಿ ನನ್ನ ಅಕ್ಷರ ಬೇಕಾಯಿತು, ಲೆಕ್ಕ ಬೇಕಾಯಿತು, ನಾಲ್ಕು ಭಾಷೆ ಬೇಕಾಯಿತು. ಈ ನಾಲ್ಕು ಭಾಷೆಯನ್ನು ನಾನು ಪ್ರತಿಭೆ ಅಂತ ಯಾವತ್ತೂ ಎಣಿಸಿರಲೇ ಇಲ್ಲ. ನೀವೂ ಎಣಿಸುವುದಿಲ್ಲ. ಬಸ್ಸಿನಲ್ಲಿ ಮೂರು ಭಾಷೆಯಲ್ಲಿ ಜಗಳ ಮಾಡಿ ಬಂದು, ಬಯೋಡೇಟಾದಲ್ಲಿ ‘ಹವ್ಯಾಸ: ಕ್ರಿಕೆಟ್ ನೋಡುವುದು’ ಅಂತ ಬರೆಯುತ್ತೀರಿ.

ನನ್ನ ಕೆಲಸ ಬಹಳ ರಸವತ್ತಾದದ್ದು ಅಂದುಕೊಳ್ಳಬೇಡಿ. ದಿನದ ಮುಕ್ಕಾಲು ಪಾಲು ಸರ್ವೆ ನಂಬ್ರ, ನಾಲ್ಕು ದಿಕ್ಕಿನ ಗಡಿ, ಅಜ್ಜನ ಹೆಸರು ಎಲ್ಲ ಪುಟದಲ್ಲೂ ಒಂದೇ ಥರ ಇದೆಯೋ ಇಲ್ಲವೋ ಅಂತ ನೋಡುವುದು. ವಿಚಿತ್ರವೆಂದರೆ ನನಗೆ ಅದು ಬೇಜಾರಾಗುವುದಿಲ್ಲ. ಬೋರ್ಡ್ ಬರೆಯುವುದು ಇದಕ್ಕಿಂತ ಚಂದದ ಕೆಲಸವೇ. ಆದರೆ ಹಳೇ ಬಣ್ಣ ಕೆರೆಯುವುದು, ಬಾಕಿ ಹಣಕ್ಕೆ ಅಂಗಡಿ ಅಂಗಡಿ ಅಲೆಯುವುದು ನನ್ನಿಂದ ಆಗಲಿಲ್ಲ. ಯಕ್ಷಗಾನ ಮೇಳಕ್ಕೆ ಸೇರಿದರೆ ಪತ್ತನಾಜೆಯವರೆಗೆ, ಅಂದರೆ ಮೇ ಕೊನೆಯವರೆಗೆ ತಿರುಗಾಟ, ರಾತ್ರಿಯಿಡೀ ನಿದ್ದೆಗೇಡು. ಅದೂ ಆಗಲಿಲ್ಲ. ಕೆಲಸದ ಹೊಳೆಯುವ ಭಾಗ ಎಲ್ಲರಿಗೂ ಇಷ್ಟ. ಅದನ್ನು ನೋಡಿ ಆರಿಸಲು ಹೋದರೆ ನಿಮ್ಮಂಥವರಿಗೆ ಎಲ್ಲವೂ ಬೇಕು ಅನಿಸುತ್ತದೆ. ಸಪ್ಪೆ ಭಾಗ ಯಾವುದು ಅಂತ ಆ ಕೆಲಸ ಮಾಡುವವರ ಪಕ್ಕ ಒಂದು ತಿಂಗಳು ಕೂತು ನೋಡಿ. ಪಟ್ಟಿ ತಾನಾಗಿ ಗಿಡ್ಡವಾಗುತ್ತದೆ.

ಇಂಥ ಸಭೆಯಲ್ಲಿ ಗೋವಿಂದ ಪೈಗಳ ಹೆಸರು ಬಂದೇ ಬರುತ್ತದೆ. ಕವಿತೆ, ಸಂಶೋಧನೆ, ಹತ್ತಾರು ಭಾಷೆ. ಬಿ.ಎ. ಪೂರೈಸಿರಲಿಲ್ಲ ಅನ್ನುವುದನ್ನೂ ಸೇರಿಸುತ್ತಾರೆ. ಅವರದು ಅನುಕೂಲಸ್ಥರ ಮನೆ ಅನ್ನುವುದನ್ನು ಬಿಟ್ಟುಬಿಡುತ್ತಾರೆ. ತಿಂಗಳ ಕೊನೆಗೆ ಅಕ್ಕಿ ತರಬೇಕಾದ ಮನೆಯ ಹುಡುಗನಿಗೆ ಆ ಉದಾಹರಣೆ ಕೊಡುವುದು ನನಗೆ ಸರಿ ಕಾಣುವುದಿಲ್ಲ. ನಾನು ಕಯ್ಯಾರ ಕಿಞ್ಞಣ್ಣ ರೈಗಳನ್ನು ತೋರಿಸುತ್ತೇನೆ. ಪೆರಡಾಲದಲ್ಲಿ ಶಾಲಾ ಮಾಷ್ಟ್ರು. ಆ ಸಂಬಳದ ಕೆಲಸ ಇಟ್ಟುಕೊಂಡೇ ಕವಿತೆ ಬರೆದರು, ಬೇಸಾಯ ಮಾಡಿದರು, ಬದಿಯಡ್ಕ ಪಂಚಾಯತಿನ ಅಧ್ಯಕ್ಷರಾದರು, ಕಾಸರಗೋಡನ್ನು ಕರ್ನಾಟಕಕ್ಕೆ ಸೇರಿಸುವ ಹೋರಾಟದಲ್ಲಿ ನಿಂತರು. 1915ರಲ್ಲಿ ಹುಟ್ಟಿ 2015ರವರೆಗೆ ಬದುಕಿದವರು, ಪುಣ್ಯಕ್ಕೆ ಸಮಯವೂ ಸಿಕ್ಕಿತು. ಇದರಲ್ಲಿ ಯಾವುದು ಬಾಯಿ, ಯಾವುದು ಕವಲು, ನೀವೇ ನೋಡಿ.

ಮದ್ದಳೆ ಬಿಟ್ಟಿರಾ ಅಂತ ಬಾಗಿಲಲ್ಲಿ ಒಬ್ಬಳು ಹುಡುಗಿ ಕೇಳಿದಳು. ಬಿಟ್ಟಿಲ್ಲ. ಮಳೆಗಾಲದ ತಾಳಮದ್ದಳೆಗೆ ಹೋಗುತ್ತೇನೆ. ಸಂಪಾದಿಸಿ ಕೊಡು ಅಂತ ಅದನ್ನು ಕೇಳುವುದಿಲ್ಲ. ಹಾಗಾಗಿ ನಮ್ಮಿಬ್ಬರ ಸಂಬಂಧ ಚೆನ್ನಾಗಿದೆ.

ಕಳೆದ ವರ್ಷ ಸೋದರಮಾವ ತಮ್ಮ ಮನೆಯ ಹಳೆ ಪಾಲುಪಟ್ಟಿ ಹಿಡಿದುಕೊಂಡು ಬಂದರು. ಮಕ್ಕಳಿಗೆ ಕನ್ನಡ ಓದಲು ಬರುವುದಿಲ್ಲ, ಅವರ ಕಣ್ಣು ಮಂಜಾಗಿದೆ. ಮೂರನೇ ಪುಟದಲ್ಲಿ, ಗುಡ್ಡದ ಸುರಂಗದ ನೀರು ಯಾವ ಮನೆಗೆ ಎಷ್ಟು ದಿನ ಅಂತ ಬರೆದಿತ್ತು. ಗಟ್ಟಿಯಾಗಿ ಓದಿ ಹೇಳಿದೆ. ಎರಡು ಸಲ ಓದಿಸಿಕೊಂಡರು. ಕಾಗದ ಮಡಚಿ ಕಿಸೆಗೆ ಹಾಕಿ, “ಫೀಸು ಎಷ್ಟು ಮಾರಾಯ?” ಅಂತ ಕೇಳಿದರು.

ತೆಗೆದುಕೊಂಡೆ.