ಸ್ಟ್ರಾಪ್ ಆಮೇಲೆ, ಮೊದಲು ನೆಲ ನೋಡಿ

ನಮಸ್ಕಾರ. ಇವತ್ತು ಟಾಯ್ ಹಾಲರ್ ಒಳಗೆ ಬೈಕನ್ನ ಸ್ಟ್ರಾಪ್, ಅಂದ್ರೆ ಗಟ್ಟಿ ಪಟ್ಟಿ, ಹಾಕಿ ಕಟ್ಟೋ ವಿಷಯ ಮಾತಾಡೋಣ. ಅಮೆರಿಕದಲ್ಲಿರೋ ನಮ್ಮ ರೈಡರ್ ಗೆಳೆಯರು ನನ್ನನ್ನ ಕೇಳೋದು ಯಾವಾಗಲೂ ಒಂದೇ: "ಯಾವ ಸ್ಟ್ರಾಪ್ ತಗೊಳ್ಳಲಿ?" ಅದನ್ನ ಆಮೇಲೆ ಕೇಳಿ. ಸ್ಟ್ರಾಪಿನ ಕೊಕ್ಕೆ ಸಿಕ್ಕಿಸ್ತೀರಲ್ಲ, ನೆಲದಲ್ಲಿರೋ ಆ ಡಿ-ರಿಂಗು (D ಆಕಾರದ ಕಬ್ಬಿಣದ ಬಳೆ), ಅದನ್ನ ಯಾವುದಕ್ಕೆ ಹೊಡೆದಿದ್ದಾರೆ? ಮೊದಲು ಕೇಳಬೇಕಾದ್ದು ಇದು.

ಟಾಯ್ ಹಾಲರ್ ನೋಡದೇ ಇರೋರಿಗೆ ಹೇಳಿಬಿಡ್ತೀನಿ. ಇದು ಟ್ರಕ್ಕಿನ ಹಿಂದೆ ಎಳ್ಕೊಂಡು ಹೋಗೋ ಮನೆ. ಮುಂದೆ ಅಡುಗೆ ಕಟ್ಟೆ, ಬಚ್ಚಲು, ಮಲಗೋ ಜಾಗ. ಹಿಂದೆ ಗ್ಯಾರೇಜು. ಹಿಂಬದಿ ಗೋಡೆನೇ ಕೆಳಗಿಳಿದು ರಾಂಪ್ ಆಗುತ್ತೆ. ಸೌತ್ ಡಕೋಟಾದ ಸ್ಟರ್ಜಿಸ್‌ನಲ್ಲಿ 1938ರಿಂದ ಬೈಕ್ ಜಾತ್ರೆ ನಡೀತಿದೆ. ಆಗಸ್ಟ್‌ನಲ್ಲಿ ಅಲ್ಲಿಗೆ ಹೋಗೋ ದಾರಿಯಲ್ಲಿ ಇವು ಸಾಲುಸಾಲಾಗಿ ಕಾಣ್ತವೆ.

ಪರಿಚಯದವರೊಬ್ಬರ ಟ್ರೇಲರ್‌ನಲ್ಲಿ ನಾನು ನೋಡಿದ್ದು ಇದು. ರಾಂಪ್ ಇಳಿಸಿದಾಗ ಬೈಕು ಗೋಡೆಗೆ ಒರಗಿತ್ತು, ಕನ್ನಡಿ ಗೋಡೆಯ ಪ್ಯಾನೆಲ್ ಒಳಗೆ ನಾಟಿತ್ತು. ಸ್ಟ್ರಾಪ್ ಹೊಸದು, ಒಂದು ಎಳೆನೂ ಬಿಟ್ಟಿರಲಿಲ್ಲ. ಕೊಕ್ಕೆ ಡಿ-ರಿಂಗಿನಲ್ಲೇ ಇತ್ತು. ಆದ್ರೆ ರಿಂಗು ನೆಲದಲ್ಲಿರಲಿಲ್ಲ. ನಾಲ್ಕು ಸ್ಕ್ರೂ ಸಮೇತ ಕಿತ್ಕೊಂಡು ಬಂದಿತ್ತು, ಸ್ಕ್ರೂ ಹಲ್ಲಿನ ಸಂದಿಯಲ್ಲಿ ಪ್ಲೈವುಡ್ಡಿನ ನಾರು ಮೆತ್ಕೊಂಡಿತ್ತು. ರಿಂಗ್ ಇದ್ದ ಜಾಗ ಕಪ್ಪಾಗಿತ್ತು. ರಾಂಪ್ ಬಾಗಿಲ ರಬ್ಬರಿನ ಪಕ್ಕದಿಂದ ನೀರಿಳಿದು ಇಳಿದು, ಹಲಗೆ ಉಗುರು ಊರಿದ್ರೆ ಇಳಿಯೋಷ್ಟು ಮೆತ್ತಗಾಗಿತ್ತು. ಮೇಲೆ ರಬ್ಬರ್ ಮ್ಯಾಟ್ ಹಾಸಿದ್ರು, ಹಾಗಾಗಿ ಯಾರ ಕಣ್ಣಿಗೂ ಬಿದ್ದಿಲ್ಲ.

ಡಿ-ರಿಂಗ್ ಮೇಲೆ ಒಂದು ನಂಬರ್ ಅಚ್ಚಾಗಿರುತ್ತೆ. ಅದು ಕಬ್ಬಿಣದ ತಾಕತ್ತು, ನಿಮ್ಮ ನೆಲದ ತಾಕತ್ತು ಅಂತ ಓದ್ಕೋಬೇಡಿ. ಸ್ಟ್ರಾಪ್ ಪ್ಯಾಕೆಟ್ ಮೇಲೂ ದೊಡ್ಡಕ್ಷರದಲ್ಲಿ ಹಾಕೋದು ಸಾಮಾನ್ಯವಾಗಿ ಹರಿದುಹೋಗೋ ಮಿತಿ. ನೀವು ಲೆಕ್ಕಕ್ಕೆ ಹಿಡೀಬೇಕಾದ ವರ್ಕಿಂಗ್ ಲೋಡ್ ಲಿಮಿಟ್ (ಸುರಕ್ಷಿತವಾಗಿ ಹೊರಿಸಬಹುದಾದ ಭಾರ) ಅದರ ಮೂರನೇ ಒಂದು ಭಾಗದಷ್ಟು, ಅದನ್ನ ಸಣ್ಣಕ್ಷರದಲ್ಲಿ ಹುಡುಕಬೇಕು.

ಈಗ ತೂಕಕ್ಕೆ ಬನ್ನಿ. ಹೋಂಡಾ ಗೋಲ್ಡ್ ವಿಂಗ್ ಟೂರ್ ಸುಮಾರು 380 ಕೆಜಿ. ಅಮೆರಿಕದ ಸರಕು ಲಾರಿಗಳಿಗೆ ಫೆಡರಲ್ ನಿಯಮ ಇದೆ: ಕಟ್ಟಿದ ಸರಕು ಬ್ರೇಕ್ ಹಾಕಿದಾಗ ಮುಂದಕ್ಕೆ ತನ್ನ ತೂಕದ 0.8 ಪಟ್ಟು, ಪಕ್ಕಕ್ಕೆ 0.5 ಪಟ್ಟು ಬಲ ಬಿದ್ರೂ ಜಾಗ ಬಿಡಬಾರದು. ರಜಕ್ಕೆ ಅಂತ ಹೊರಡೋ ನಮ್ಮಂಥವರಿಗೆ ಬರೆದ ನಿಯಮ ಅಲ್ಲ ಇದು. ಆದ್ರೆ ರಸ್ತೆ ಒಂದೇ, ಬ್ರೇಕೂ ಒಂದೇ. ಹಾಗೆ ಲೆಕ್ಕ ಹಾಕಿದ್ರೆ ಮುಂದಕ್ಕೆ 300 ಕೆಜಿ ಮೇಲೆ, ಪಕ್ಕಕ್ಕೆ 190. ಇದರ ಜೊತೆಗೆ, ಸ್ಟ್ರಾಪ್ ಬಿಗಿಯೋ ಹಲ್ಲುಚಕ್ರದ ರ‍್ಯಾಚೆಟ್ ಬಿಗಿದಾಗಲೇ ಹುಟ್ಟಿರೋ ಎಳೆತ ಬೇರೆ. ಇಷ್ಟನ್ನೂ ಪ್ಲೈವುಡ್ಡಿಗೆ ತಿರುಗಿಸಿದ ನಾಲ್ಕು ಸ್ಕ್ರೂ ಮೇಲೆ ಬಿಡೋದಕ್ಕೆ ನನಗೆ ಧೈರ್ಯ ಇಲ್ಲ.

ರಿಂಗಿನ ಬೋಲ್ಟು ನೆಲದಡಿ ಇರೋ ಉಕ್ಕಿನ ಅಡ್ಡ ತೊಲೆಗೆ, ಅಂದ್ರೆ ಕ್ರಾಸ್ ಮೆಂಬರ್‌ಗೆ ಹೋಗಿರಬೇಕು. ಇಲ್ಲಾ, ಹಲಗೆಯಿಂದ ಆಚೆ ಬಂದು, ಅಡಿಯಲ್ಲಿ ಅಗಲವಾದ ಕಬ್ಬಿಣದ ಪ್ಲೇಟು, ಲಾಕ್ ನಟ್ಟು ಹಾಕಿ ಬಿಗಿದಿರಬೇಕು. ಕೆಲವು ಕಂಪನಿಗಳು ಹಾಗೇ ಮಾಡ್ತವೆ, ಕೆಲವು ಮಾಡಲ್ಲ, ಮೇಲಿಂದ ನೋಡಿದ್ರೆ ಎರಡೂ ಒಂದೇ ಥರ ಕಾಣ್ತವೆ. ಟ್ರೇಲರ್ ಅಡಿ ಮಲಗಿ ಟಾರ್ಚ್ ಬಿಟ್ಟು ನೋಡೋಣ ಅಂದ್ರೆ ಎಷ್ಟೋ ಕಡೆ ಪ್ಲಾಸ್ಟಿಕ್ ಹಾಳೆ ಮುಚ್ಚಿರುತ್ತೆ. ಆಗ ಕಂಪನಿಗೆ ಬರೆದು ಕೇಳಿ, ಉತ್ತರನೂ ಬರಹದಲ್ಲೇ ತಗೊಳ್ಳಿ. ನೀವೇ ಹೊಸ ರಿಂಗ್ ಹಾಕೋದಾದ್ರೆ ಡ್ರಿಲ್ ಹಿಡಿಯೋ ಮುಂಚೆ ಅಡಿಯಲ್ಲಿ ನೀರಿನ ಟ್ಯಾಂಕು, ವೈರು, ಗ್ಯಾಸ್ ಪೈಪು ಎಲ್ಲೆಲ್ಲಿ ಹೋಗಿವೆ ಅಂತ ಖಾತ್ರಿ ಮಾಡ್ಕೊಳ್ಳಿ.

ಇನ್ನು ಕಟ್ಟೋದು. ಊರಲ್ಲಿ ಟೆಂಪೊಗೆ ಬೈಕ್ ಏರಿಸಿ, ಸೈಡ್ ಸ್ಟ್ಯಾಂಡ್ ಹಾಕಿ, ಸೀಟಿನ ಮೇಲೆ ಹಗ್ಗ ಎಳೆದು ಗಂಟು ಹಾಕಿ ಕಳಿಸಿರ್ತೀವಿ. ಗಾಡಿ ನೂರೈವತ್ತು ಕೆಜಿ ಒಳಗೆ, ವೇಗ ಕಡಿಮೆ, ಪಕ್ಕದಲ್ಲಿ ಹುಡುಗ ಒಬ್ಬ ಹಿಡ್ಕೊಂಡು ಕೂತಿರ್ತಾನೆ. ಅಲ್ಲಿಗೆ ನಡೀತು. ಇಲ್ಲಿ ಗಂಟೆಗೆ 65 ಮೈಲಿಯಲ್ಲಿ ಟ್ರೇಲರ್ ಕುಣಿದಾಗ ಅಷ್ಟು ಭಾರ ಒಂದು ಸಣ್ಣ ಸ್ಟ್ಯಾಂಡಿನ ಪಾದದ ಮೇಲೆ ಬೀಳುತ್ತೆ. ಸ್ಟ್ಯಾಂಡ್ ಬಾಗುತ್ತೆ, ಇಲ್ಲಾ ನೆಲ ತೂತಾಗುತ್ತೆ. ಮುಂದಿನ ಚಕ್ರ ಅದನ್ನ ಅಲ್ಲಾಡದ ಹಾಗೆ ಹಿಡಿಯೋ ವೀಲ್ ಚಾಕ್ ಒಳಗೆ ಕೂರಲಿ, ಚಾಕ್ ನೆಲಕ್ಕೆ ಬೋಲ್ಟ್ ಆಗಿರಲಿ, ಸ್ಟ್ಯಾಂಡ್ ಮೇಲಕ್ಕಿರಲಿ, ಬೈಕ್ ನೆಟ್ಟಗೆ ನಿಲ್ಲಲಿ.

ಸ್ಟ್ರಾಪ್ ನಾಲ್ಕು: ಮುಂದೆ ಎರಡು, ಹಿಂದೆ ಎರಡು. ಮುಂದಿನವು ಬೈಕನ್ನ ಕೆಳಕ್ಕೂ ಹೊರಕ್ಕೂ ಮುಂದಕ್ಕೂ ಎಳೀಬೇಕು, ಹೆಚ್ಚುಕಮ್ಮಿ 45 ಡಿಗ್ರಿ ಓರೆಯಲ್ಲಿ. ಹ್ಯಾಂಡಲ್ ತುದಿಗೆ ಕಟ್ಟಬೇಡಿ, ಅದು ತಿರುಗುತ್ತೆ, ಬಾಗುತ್ತೆ. ಫೋರ್ಕ್ (ಮುಂದಿನ ಚಕ್ರದ ಸ್ಪ್ರಿಂಗ್ ಕಾಲು) ಎರಡನ್ನೂ ಹಿಡಿದಿರೋ ಕೆಳಗಿನ ಟ್ರಿಪಲ್ ಕ್ಲಾಂಪ್‌ಗೆ ಸಾಫ್ಟ್ ಲೂಪ್, ಅಂದ್ರೆ ಮೆತ್ತನೆ ಪಟ್ಟಿಯ ಕುಣಿಕೆ, ಸುತ್ತಿ, ಬ್ರೇಕ್ ಪೈಪು, ವೈರು ನಡುವೆ ಸಿಗದ ಹಾಗೆ ನೋಡ್ಕೊಂಡು, ಅಲ್ಲಿಂದ ಎಳೀರಿ.

ಎಷ್ಟು ಬಿಗಿ ಅನ್ನೋದು ಕೈಗೆ ಅಭ್ಯಾಸ ಆಗಬೇಕಾದ ಕೆಲಸ. ಸಡಿಲ ಬಿಟ್ರೆ ಏನಾಗುತ್ತೆ ಅಂತ ನಿಧಾನವಾಗಿ ಯೋಚನೆ ಮಾಡಿ. ಸೇತುವೆ ಜಾಯಿಂಟ್ ಬಂತು, ಟ್ರೇಲರ್ ಎಗರಿ ಬಿತ್ತು, ಬೈಕಿನ ಫೋರ್ಕ್ ಒಳಕ್ಕಿಳೀತು. ಆ ಕ್ಷಣ ಸ್ಟ್ರಾಪ್ ಸಡಿಲ. ಕೊಕ್ಕೆಯ ಬಾಯಿ ತೆರೆದಿದ್ರೆ ಅದು ರಿಂಗಿನಿಂದ ಜಾರಿ ಬಿದ್ದೇ ಹೋಗುತ್ತೆ. ಫೋರ್ಕ್ ಮೇಲಕ್ಕೆ ಬರೋ ಹೊತ್ತಿಗೆ ಆ ಕಡೆ ಹಿಡಿಯೋದಕ್ಕೆ ಏನೂ ಇರಲ್ಲ. ಅದಕ್ಕೇ ನಾಲಿಗೆ ಇರೋ, ತಾನಾಗಿ ಮುಚ್ಚಿಕೊಳ್ಳೋ ಕೊಕ್ಕೆನೇ ತಗೊಳ್ಳಿ ಅಂತ ನಾನು ಹಠ ಹಿಡಿಯೋದು. ಹಾಗಂತ ಫೋರ್ಕ್ ತಳ ಮುಟ್ಟೋವರೆಗೂ ರ‍್ಯಾಚೆಟ್ ತಿರುಗಿಸಿದ್ರೆ ಗುಂಡಿಯ ಪೆಟ್ಟು ನುಂಗೋದಕ್ಕೆ ಸ್ಪ್ರಿಂಗ್‌ನಲ್ಲಿ ಜಾಗ ಉಳಿಯಲ್ಲ, ಪೆಟ್ಟು ನೇರವಾಗಿ ಸ್ಟ್ರಾಪಿಗೆ, ಅಲ್ಲಿಂದ ಮತ್ತೆ ಅದೇ ನೆಲಕ್ಕೆ. ಫೋರ್ಕ್ ಎಷ್ಟು ಒಳಕ್ಕಿಳಿಯಬಲ್ಲದೋ ಅದರ ಮೂರನೇ ಒಂದು ಭಾಗದಿಂದ ಅರ್ಧದೊಳಗೆ ಒತ್ತಿದ್ರೆ ಸಾಕು. ಹಿಂದಿನ ಎರಡು ಸ್ಟ್ರಾಪ್ ಬಾಲ ಅಲ್ಲಾಡದ ಹಾಗೆ ಹಿಡಿಯೋದಕ್ಕೆ, ಅವಕ್ಕೆ ಅಷ್ಟು ಬಿಗಿ ಬೇಡ.

ಎರಡು ಬೈಕ್ ಇದ್ರೆ ಹ್ಯಾಂಡಲ್‌ಗೆ ಹ್ಯಾಂಡಲ್ ತಾಗದ ಹಾಗೆ ಒಂದನ್ನ ಮುಂದೆ, ಒಂದನ್ನ ಕೊಂಚ ಹಿಂದೆ ನಿಲ್ಲಿಸಿ. ಭಾರದ್ದು ಮುಂದಿರಲಿ. ಗ್ಯಾರೇಜಿನ ಹೆಚ್ಚಿನ ಭಾಗ ಸಾಮಾನ್ಯವಾಗಿ ಇರೋದೇ ಟ್ರೇಲರ್ ಚಕ್ರದ ಹಿಂದೆ. ಅಲ್ಲಿ ತೂಕ ಬಿದ್ದಷ್ಟೂ ಮುಂದೆ ಹಿಚ್ ಮೇಲೆ, ಅಂದ್ರೆ ಟ್ರಕ್ಕಿಗೆ ಸಿಕ್ಕಿಸೋ ಕೊಂಡಿ ಮೇಲೆ, ಕೂರೋ ಭಾರ ಹಗುರ ಆಗುತ್ತೆ. ಟ್ರಕ್ಕಿನ ಬಂಪರ್ ಹತ್ತಿರ ಸಿಕ್ಕಿಸಿ ಎಳೆಯೋ ಟ್ರೇಲರ್ ಆದ್ರೆ ಅದರ ತೂಕದ 10ರಿಂದ 15 ಶೇಕಡಾ ಹಿಚ್ ಮೇಲೆ ಇರಬೇಕು, ಅದಕ್ಕಿಂತ ಕಡಿಮೆ ಆದ್ರೆ ಟ್ರೇಲರ್ ಬಾಲ ಬೀಸೋದಕ್ಕೆ ಶುರು ಮಾಡುತ್ತೆ. ಬೈಕ್ ತುಂಬಿದ ಮೇಲೆ ಟ್ರಕ್ ಸ್ಟಾಪಿನ ತೂಕದ ಕಟ್ಟೆ ಮೇಲೆ ಒಂದ್ಸಲ ನಿಲ್ಲಿಸಿ ನೋಡಿ.

ಪೆಟ್ರೋಲ್ ಬಗ್ಗೆ ಹೇಳದೆ ಬಿಡಲಾರೆ, ಯಾಕಂದ್ರೆ ಅದೇ ಗ್ಯಾರೇಜಿನಲ್ಲಿ ರಾತ್ರಿ ಮಂಚ ಇಳಿಸಿ ಮಕ್ಕಳನ್ನ ಮಲಗಿಸ್ತಾರೆ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲೇ ಹರಿದು ಮುಂದಿನ ಕೋಣೆಗೂ ಹೋಗುತ್ತೆ, ಅಲ್ಲಿ ಹೀಟರ್‌ನ ಕಿಡಿ ಇರುತ್ತೆ. ಬೈಕಿನ ಪೆಟ್ರೋಲ್ ಕಾಕ್ ಇದ್ರೆ ಮುಚ್ಚಿ. ಓಡೋವಾಗ ಗ್ಯಾಸ್ ಆಫ್ ಮಾಡಿ, ಗ್ಯಾರೇಜಿನ ವೆಂಟ್ ತೆಗೆದಿಡಿ. ಬೈಕ್ ಒಳಗಿರೋವಾಗ ಯಾರೂ ಅಲ್ಲಿ ಮಲಗಬೇಡಿ.

ಲಾರಿ ಚಾಲಕರು ಹೊರಟ ಮೊದಲ 50 ಮೈಲಿಯೊಳಗೆ ನಿಲ್ಲಿಸಿ ಕಟ್ಟು ನೋಡಲೇಬೇಕು, ಅದೂ ಫೆಡರಲ್ ನಿಯಮವೇ. ನೀವೂ ನಿಲ್ಲಿಸಿ. ಸ್ಟ್ರಾಪ್ ಮುಟ್ಟಿ ನೋಡಿದ ಮೇಲೆ ಮ್ಯಾಟ್ ಎತ್ತಿ ರಿಂಗಿನ ಸುತ್ತ ಹಲಗೆ ಉಬ್ಬಿದೆಯಾ, ಒದ್ದೆ ಇದೆಯಾ ನೋಡಿ.

ಕಂಪನಿಗಳಿಗೆ ನನ್ನದೊಂದು ಒತ್ತಾಯ ಇದೆ. ಎಷ್ಟು ತೂಕ ತುಂಬಬಹುದು, ಟೈರಿಗೆ ಎಷ್ಟು ಗಾಳಿ ಅಂತ ಟ್ರೇಲರ್ ಮೇಲೆ ಕಾನೂನು ಪ್ರಕಾರ ಸ್ಟಿಕ್ಕರ್ ಅಂಟಿಸ್ತೀರಿ. ಅದೇ ಗ್ಯಾರೇಜಿನ ಗೋಡೆ ಮೇಲೆ ಇನ್ನೊಂದು ಅಂಟಿಸಿ: ಈ ರಿಂಗು ಯಾವುದಕ್ಕೆ ಬೋಲ್ಟ್ ಆಗಿದೆ, ನೆಲದ ಸಮೇತ ಎಷ್ಟು ಕೆಜಿ ಎಳೆತ ತಡೆಯುತ್ತೆ. ಕೊಳ್ಳೋರು ಡೀಲರ್ ಮುಂದೆ ಸಹಿ ಹಾಕೋ ಮುಂಚೆ ಈ ನಂಬರ್ ಕೇಳೋದಕ್ಕೆ ಶುರು ಮಾಡಿದ್ರೆ ಕಂಪನಿಯವರು ಕೊಟ್ಟೇ ಕೊಡ್ತಾರೆ.