ಯಾರೂ ನೋಡದಿದ್ದರೂ

ಕೇಳುಗರೆಲ್ಲರಿಗೂ ನಮಸ್ಕಾರ.

ಕ್ವಾಂಟಂ ಭೌತವಿಜ್ಞಾನದ, ಅಂದರೆ ಎಲೆಕ್ಟ್ರಾನಿನಂಥ ಅತಿ ಸಣ್ಣ ಕಣಗಳ ವಿಜ್ಞಾನದ, ಪ್ರಸ್ತಾಪ ಬಂದಾಗಲೆಲ್ಲ ಒಂದು ಮಾತು ಕಿವಿಗೆ ಬೀಳುತ್ತದೆ: 'ನಾವು ನೋಡಿದರೆ ಎಲೆಕ್ಟ್ರಾನ್ ನಡತೆ ಬದಲಿಸುತ್ತದಂತೆ, ಎಲ್ಲವೂ ಮನಸ್ಸಿನ ಆಟವಂತೆ.' ಕೇಳಿದಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ. ಅಲ್ಲಿ ನಡೆಯುವುದು ಇದಕ್ಕಿಂತ ಎಷ್ಟೋ ಸೊಗಸು.

1989ರಲ್ಲಿ ಜಪಾನಿನ ಅಕಿರಾ ತೊನೊಮುರಾ ಮತ್ತು ಸಂಗಡಿಗರು ಒಂದು ಪ್ರಯೋಗ ಪ್ರಕಟಿಸಿದರು. ಎಲೆಕ್ಟ್ರಾನಿನ ದಾರಿಗೆ ಅಡ್ಡಲಾಗಿ ಕೂದಲಿಗಿಂತ ಎಷ್ಟೋ ತೆಳುವಾದ ಒಂದು ಎಳೆ. ಅದರ ಈ ಬದಿಯಿಂದಲೂ ಹೋಗಬಹುದು, ಆ ಬದಿಯಿಂದಲೂ ಹೋಗಬಹುದು. ಕೊನೆಗೊಂದು ಪರದೆ. ಒಂದು ಎಲೆಕ್ಟ್ರಾನ್ ಪರದೆ ಮುಟ್ಟಿದ ಮೇಲೆಯೇ ಇನ್ನೊಂದು ಬರುವಷ್ಟು ವಿರಳವಾಗಿ ಅವನ್ನು ಬಿಟ್ಟರು.

ಪರದೆಯ ಮೇಲೆ ಒಂದು ಚುಕ್ಕೆ. ಇನ್ನೆಲ್ಲೋ ಮತ್ತೊಂದು. ಮಳೆಯ ಮೊದಲ ಹನಿಗಳು ಒಣನೆಲಕ್ಕೆ ಬಿದ್ದ ಹಾಗೆ, ಹೊತ್ತಿಲ್ಲ, ಗೊತ್ತಿಲ್ಲ. ಸಾವಿರಾರು ಬಿದ್ದ ಮೇಲೆ ಮೆಲ್ಲಗೆ ಪಟ್ಟೆಗಳು ಮೂಡುತ್ತವೆ: ಚುಕ್ಕೆಗಳು ಕಿಕ್ಕಿರಿದ ಪಟ್ಟೆ, ಪಕ್ಕದಲ್ಲೇ ಬಹುತೇಕ ಖಾಲಿ ಪಟ್ಟೆ. ಎರಡು ಅಲೆಗಳು ಬೆರೆತಾಗ ಮೂಡುವ ಗುರುತು ಇದು. ಆದರೆ ಪ್ರತಿ ಎಲೆಕ್ಟ್ರಾನೂ ಒಂಟಿಯಾಗಿಯೇ ಬಂದಿತ್ತಲ್ಲ! ಎರಡೂ ದಾರಿಗಳ ಸಾಧ್ಯತೆ ಆ ಒಂದರಲ್ಲೇ ಬೆರೆತಿತ್ತು. ಮುಂದಿನ ಚುಕ್ಕೆ ಎಲ್ಲಿ ಬೀಳುತ್ತದೆಂದು ಹೇಳಲಾಗದು. ಎಲ್ಲಿ ಬೀಳುವ ಸಂಭವ ಎಷ್ಟು ಎಂಬುದನ್ನು ಮಾತ್ರ ಕರಾರುವಾಕ್ಕಾಗಿ ಹೇಳಬಹುದು. ಈ ಅಲೆಗೆ 1926ರಲ್ಲಿ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಕೊಟ್ಟ ಅರ್ಥ ಇದೇ.

ಇನ್ನು 'ನೋಡುವ' ಮಾತು. ಯಾವ ಬದಿಯಿಂದ ಹೋಯಿತೆಂದು ಪತ್ತೆ ಹಚ್ಚುವ ಏರ್ಪಾಡು ಮಾಡಿದರೆ ಪಟ್ಟೆಗಳು ಅಳಿಸಿಹೋಗುತ್ತವೆ, ನಿಜ. ಅದಕ್ಕೆ ಮನುಷ್ಯನ ಕಣ್ಣೇ ಬೇಕೆ? ವಿಯೆನ್ನಾದ ವಿಜ್ಞಾನಿಗಳು 2004ರಲ್ಲಿ ಪ್ರಕಟಿಸಿದ ಪ್ರಯೋಗ ನನಗೆ ಬಹಳ ಅಚ್ಚುಮೆಚ್ಚು. ತಲಾ 70 ಇಂಗಾಲದ ಪರಮಾಣುಗಳಿರುವ ಅಣುಗಳು. ಎಲೆಕ್ಟ್ರಾನಿನ ಎದುರಿಗೆ ಆನೆಗಳೇ ಸರಿ. ಅವೂ ಅಲೆಯಂತೆ ಪಟ್ಟೆ ಮೂಡಿಸುತ್ತವೆ. ದಾರಿಗೆ ಬಿಡುವ ಮುನ್ನ ಅವನ್ನು ಲೇಸರಿನಿಂದ ಕಾಯಿಸಿದರು. ಚೆನ್ನಾಗಿ ಕಾದ ಅಣು ಕೆಂಡದ ಹಾಗೆ ಬೆಳಕು ಸೂಸುತ್ತದೆ. ತಾನೆಲ್ಲಿದ್ದೆ ಎಂಬ ಸುಳಿವು ಆ ಬೆಳಕಿನ ಜೊತೆ ಹೊರಟುಹೋಗುತ್ತದೆ. ಕಾವು ಏರಿದಂತೆಲ್ಲ ಪಟ್ಟೆಗಳು ಮಸುಕಾಗುತ್ತ ಹೋಗಿ, ಮಾಯವಾದವು. ಆ ಬೆಳಕನ್ನು ಯಾರೂ ಹಿಡಿದು ಪರೀಕ್ಷಿಸಿರಲಿಲ್ಲ. ಸುಳಿವು ಸೋರಿದ್ದೇ ಸಾಕಾಯಿತು.

ಹಾಗಾದರೆ ಒಂದು ಕಲ್ಲು ಏಕಕಾಲಕ್ಕೆ ಎರಡು ದಾರಿ ಹಿಡಿದದ್ದನ್ನು ನಾವು ಯಾಕೆ ಕಾಣುವುದಿಲ್ಲ? ಗಾಳಿಯ ಅಣುಗಳು ಅದಕ್ಕೆ ಬಡಿಯುತ್ತಲೇ ಇರುತ್ತವೆ, ಕಲ್ಲೂ ತನ್ನ ಬಿಸುಪನ್ನು ಸೂಸುತ್ತಲೇ ಇರುತ್ತದೆ. ಅದು ಎಲ್ಲಿದೆ ಎಂಬ ಸುಳಿವು ಕ್ಷಣಕ್ಷಣವೂ ಸೋರುತ್ತಿರುತ್ತದೆ. ಕತ್ತಲ ಕೋಣೆಯಲ್ಲಿಟ್ಟು ಬೀಗ ಹಾಕಿದರೂ ಅಷ್ಟೇ.